ಇವತ್ತಿನ ದಿನಕ್ಕೆ ನಾವಿಬ್ಬರೂ ಏನು?

ಅಲ್ ಕುಸೈಸ್, ದುಬೈ
೨೦ ಜನವರಿ ೨೦೨೬, ಮಂಗಳವಾರ

ಅಪೂರ್ವಾಳ ಅಪ್ಪನಿಗೆ ನೀಲಾಂಬಿಕಾಳ ನಮಸ್ಕಾರಗಳು.

ಮದುವೆಯಾಗಿ ಇಪ್ಪತ್ತು ವರ್ಷವಾಯಿತು, ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ‘ಪ್ರೀತಿಯ’ ಎಂದು ಶುರು ಮಾಡಿ ಹೊಡೆದುಹಾಕಿದ್ದೇನೆ, ಮೇಲಿನ ಗೀಟು ಅದರದ್ದೇ. ವಾಟ್ಸಾಪಿನಲ್ಲಿ ಹಾಕಿದರೆ ಓದಿ ಸುಮ್ಮನಾಗುತ್ತೀರಿ. ಫೋನು ಮಾಡಿದರೆ "ಸೈಟಿನ್ಯಾಗ ಅದೀನಿ, ಆಮ್ಯಾಲೆ ಮಾಡ್ತೀನಿ" ಎನ್ನುತ್ತೀರಿ. ಆ ಆಮ್ಯಾಲೆ ಇನ್ನೂ ಬಂದಿಲ್ಲ. ಕೆಳಗಿನ ಮನೆಯ ರೋಷನ್ ನಾಳೆ ಅಬುಧಾಬಿಗೆ ಹೊರಟಿದ್ದಾನೆ. ಎಲೆಕ್ಟ್ರಾ ಸ್ಟ್ರೀಟಿನ ನಿಮ್ಮ ರೂಮಿಗೇ ಬಂದು ಕೈಯಲ್ಲಿ ಕೊಡಬೇಕೆಂದು ಹೇಳಿದ್ದೇನೆ. ಓದದೆ ಇಟ್ಟೀರಿ, ಜೋಕೆ!

ವಿಷಯ ಅಪೂರ್ವಾಳ ಕಾಲೇಜಿನದು. ನೀವು ಕಂಪನಿ ಕೆಲಸದ ಮೇಲೆ ನ್ಯೂಜೆರ್ಸಿಯಲ್ಲಿದ್ದಾಗ ಹುಟ್ಟಿದ ಮಗಳು, ಪಾಸ್‌ಪೋರ್ಟು ಅಮೆರಿಕದ್ದು. ಹಾಗಾಗಿ ಅಲ್ಲಿ ಓದಲು ಅಲ್ಲಿಯ ಸರ್ಕಾರದ ನೆರವಿಗೆ ಅರ್ಜಿ ಹಾಕಬಹುದು. ಫಾಫ್ಸಾ ಎನ್ನುತ್ತಾರೆ ಅದಕ್ಕೆ. ಸೀಟು ಕೊಟ್ಟ ಕಾಲೇಜು ಈ ತಿಂಗಳ ಕೊನೆಯೊಳಗೆ ಅದನ್ನು ಕೇಳಿದೆ. ನಾನು ನನ್ನ ಭಾಗ ತುಂಬಿ ಸಹಿ ಹಾಕದಿದ್ದರೆ ನೆರವಿಲ್ಲ. ನೆರವಿಲ್ಲದಿದ್ದರೆ ಆ ಕಾಲೇಜಿನ ಆಸೆ ಬಿಡುವುದೇ.

ಒಂದು ವಾರದಿಂದ ಅದರ ಮುಂದೆ ಕೂತು ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಗಿದೆ. ಗ್ರಾಂಟ್ ಎಂದರೆ ತಿರುಗಿ ಕೊಡಬೇಕಾಗಿಲ್ಲ, ಲೋನ್ ಎಂದರೆ ಕೊಡಬೇಕು. ಇಲ್ಲಿಯತನಕ ಸರಿ. ಆದರೆ ಲೋನಿನಲ್ಲಿ ಮತ್ತೆ ಎರಡು ಜಾತಿ. ಒಂದರ ಬಡ್ಡಿಯನ್ನು ಹುಡುಗಿ ಓದುವಷ್ಟು ದಿನ ಸರ್ಕಾರ ನೋಡಿಕೊಳ್ಳುತ್ತದೆ, ಇನ್ನೊಂದರದ್ದು ಮೊದಲ ದಿನದಿಂದಲೇ ಬೆಳೆಯುತ್ತ ಹೋಗುತ್ತದೆ. ಎರಡಕ್ಕೂ ಹೆಸರು ‘ನೆರವು’! ಸಾಲ ಯಾವಾಗಿನಿಂದ ನೆರವಾಯಿತೋ ಶಿವನೇ ಬಲ್ಲ. ಇದರ ಮೇಲೆ ನಮ್ಮ ಶಕ್ತಿ ಅಳೆಯುವ ಒಂದು ಅಂಕಿ ಬೇರೆ. ಅದು ಸೊನ್ನೆಗಿಂತ ಕೆಳಗೂ ಇಳಿಯುತ್ತದಂತೆ, ಇಳಿದಷ್ಟೂ ಒಳ್ಳೆಯದಂತೆ. ತೆರಿಗೆ ಕಟ್ಟಿದ ವಿವರ ಕೊಡಿ ಎಂದಿತು. ಈ ದೇಶದಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲವಲ್ಲೋ ಎಂದು ಲ್ಯಾಪ್‌ಟಾಪಿನ ಜೊತೆ ಜಗಳಾಡಿದೆ. ಅಪೂರ್ವಾ ನಕ್ಕು "ಅಮ್ಮಾ, ರಿಲ್ಯಾಕ್ಸ್" ಅಂದಳು.

ಅದನ್ನೆಲ್ಲ ಹೇಗೋ ದಾಟಿದೆ. ದಾಟಲಾಗದ್ದು ಒಂದೇ ಪ್ರಶ್ನೆ: ಹುಡುಗಿಯ ತಂದೆ ತಾಯಿ ಇವತ್ತಿನ ದಿನಕ್ಕೆ ಗಂಡ ಹೆಂಡತಿಯಾಗಿ ಇದ್ದಾರೋ, ಬೇರೆಯಾಗಿದ್ದಾರೋ?

ಕೋರ್ಟಿನ ಕಾಗದ ಬೇಕಿಲ್ಲವಂತೆ, ಬೇರೆಯಾಗಿ ಬದುಕುತ್ತಿದ್ದರೆ ಸಾಕಂತೆ. ಕೆಲಸಕ್ಕಾಗಿ ಬೇರೆ ಊರಿನಲ್ಲಿದ್ದರೆ ಮಾತ್ರ ಅದು ಬೇರೆಯಾದ ಲೆಕ್ಕವಲ್ಲವಂತೆ. ಈಗ ಹೇಳಿ, ನೀವು ಯಾವುದಕ್ಕಾಗಿ ಅಲ್ಲಿದ್ದೀರಿ? ನಮ್ಮ ಬಿಲ್ಡಿಂಗಿನಲ್ಲಿ ಅರ್ಧಕ್ಕರ್ಧ ಗಂಡಸರು ವಾರವೆಲ್ಲ ಅಬುಧಾಬಿ, ಶುಕ್ರವಾರ ಸಂಜೆ ದುಬೈ. ನೀವೂ ಹಾಗೇ ಇದ್ದಿರಿ. ಆಮೇಲೆ ವಾರ ಬಿಟ್ಟು ವಾರ, ಆಮೇಲೆ ತಿಂಗಳಿಗೊಮ್ಮೆ. ಕಳೆದ ಯುಗಾದಿಯ ಮೇಲೆ ಅದೂ ಇಲ್ಲ. ನಡುವೆ ಒಂದು ಜಗಳವಾದರೂ ಆಗಿದ್ದರೆ ಇದೇ ಕಾರಣ ಎಂದುಕೊಳ್ಳಬಹುದಿತ್ತು. ನೀವು ಓವರ್‌ಟೈಮ್ ಎಂದಿರಿ, ನಾನು ಹೂಂ ಎಂದೆ. ಯಾರಾದರೂ ಕೇಳಿದರೆ ನಾನೂ ಓವರ್‌ಟೈಮ್ ಎಂದೇ ಹೇಳುತ್ತೇನೆ.

ಇನ್ನೊಂದು ವಿಚಿತ್ರ ನೋಡಿ. ಆದಾಯ ಮಾತ್ರ ಎರಡು ವರ್ಷದ ಹಿಂದಿನದು ಸಾಕಂತೆ, ಮದುವೆ ಇವತ್ತಿನದೇ ಬೇಕಂತೆ. ಮದುವೆಯನ್ನೂ ಆ ವರ್ಷದ್ದೇ ಕೇಳಿದ್ದರೆ ಒಟ್ಟಿಗೆ ಎಂದು ಕಣ್ಣು ಮುಚ್ಚಿ ಬರೆಯುತ್ತಿದ್ದೆ.

ಎದುರು ಮನೆಯ ಸ್ವರ್ಣಲತಾ, ಅದೇ ಉಡುಪಿಯವರು, ಮಗನಿಗೂ ಇದೇ ಅರ್ಜಿ ಹಾಕಿದವರು. ಏನೂ ತಿಳಿಯದವಳ ಹಾಗೆ ಅವರನ್ನು ಕೇಳಿದೆ. ಬೇರೆ ಎಂದು ಹಾಕಿದರೆ ಮನೆ ಬಾಡಿಗೆ, ಮಗಳ ಖರ್ಚು ಹೆಚ್ಚಾಗಿ ನೋಡುವ ನನ್ನ ಸಂಬಳವಷ್ಟೇ ಲೆಕ್ಕಕ್ಕೆ. ಒಟ್ಟಿಗೆ ಎಂದರೆ ನಿಮ್ಮದೂ ಸೇರಿ ನೆರವು ಇಳಿಯುತ್ತದಂತೆ. "ಬೇರೆ ಅಂತ ಹಾಕಿಬಿಡಿ ಮಾರಾಯ್ರೆ, ಇಲ್ಲಿಗೆ ಯಾರು ಬಂದು ನೋಡ್ಲಿಕ್ಕುಂಟು?" ಎಂದು ನಕ್ಕರು. ನಾನು ಎದ್ದು ಬಂದೆ. ಅವರು ಸುಳ್ಳು ಹೇಳಲು ಕಲಿಸುತ್ತಿದ್ದಾರೆ, ನನಗೆ ಅದು ಸುಳ್ಳೋ ಖರೆಯೋ ಅನ್ನುವುದೇ ಗೊತ್ತಿಲ್ಲ. ಖರೆ ಬರೆದರೂ ದುಡ್ಡಿಗಾಗಿ ಗಂಡನನ್ನು ಬಿಟ್ಟಳು ಎಂದಾಗುತ್ತದಲ್ಲ.

ನಿಮಗೆ ಹೇಳದೆ ಇಟ್ಟ ಒಂದು ಮಾತಿದೆ. ನವೆಂಬರಿನಲ್ಲಿ ನಮ್ಮ ಕ್ಲಿನಿಕ್ಕಿನವರು ಲ್ಯಾಬಿನ ತರಬೇತಿಗೆಂದು ನನ್ನನ್ನು ಅಬುಧಾಬಿಗೆ ಕಳಿಸಿದ್ದರು. ಹಮ್ದಾನ್ ಸ್ಟ್ರೀಟಿನಲ್ಲಿ ನಿಮ್ಮನ್ನು ನೋಡಿದೆ. ಒಂದು ಕೈಯಲ್ಲಿ ಮೆಂತ್ಯೆ ಸೊಪ್ಪಿನ ಕಟ್ಟು, ಇನ್ನೊಂದರಲ್ಲಿ ಒಬ್ಬರಿಗೆ ಸಾಲುವಷ್ಟು ಬದನೆಕಾಯಿ. ಇಲ್ಲಿದ್ದಾಗ ಒಂದು ದಿನವೂ ಸೊಪ್ಪು ಬಿಡಿಸಿದವರಲ್ಲ ನೀವು. ಬಹಳ ಸೊರಗಿದ್ದೀರಿ. ಕೂಗಬೇಕೆಂದು ಬಾಯಿ ತೆರೆದೆ, ಕೂಗಲಿಲ್ಲ. ಸಿಗ್ನಲ್ ಬಿಟ್ಟಿತು, ನೀವು ದಾಟಿ ಹೋದಿರಿ. ಬಸ್ಸಿನಲ್ಲಿ ದುಬೈ ಬರುವತನಕ ಅತ್ತೆ.

ನನಗೆ ದೊಡ್ಡ ಉತ್ತರ ಬೇಡ. ಎರಡರಲ್ಲಿ ಯಾವುದೆಂದು ಒಂದು ಮಾತು ತಿಳಿಸಿ ಸಾಕು. ಶನಿವಾರ ಸಂಜೆ ಸಹಿ ಹಾಕುತ್ತೇನೆ. ನೀವು ಹೇಳಿದ್ದನ್ನೇ ಬರೆಯುತ್ತೇನೆ. ಬರಬೇಕೆಂದು ನಾನೇನೂ ಕೇಳುತ್ತಿಲ್ಲ.

ಇಂತಿ,
ನೀಲಾಂಬಿಕಾ
(ಹೆಸರಿನ ಹಿಂದೆ ‘ನಿಮ್ಮ’ ಎಂದು ಹಾಕಬೇಕೋ ಬೇಡವೋ, ಅದನ್ನೂ ನೀವೇ ಹೇಳಿ.)

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದು ಬರೆಯುತ್ತಿದ್ದೇನೆ. ಅಪೂರ್ವಾ ತನ್ನ ಭಾಗವನ್ನು ದೀಪಾವಳಿಗೂ ಮೊದಲೇ ತುಂಬಿಟ್ಟಿದ್ದಳಂತೆ. ಅಪ್ಪ ಅಮ್ಮ ಒಟ್ಟಿಗಿದ್ದಾರೆಯೇ ಎಂದು ಅವಳಿಗೂ ಕೇಳಿತ್ತು, ಇಲ್ಲ ಎಂದು ಒತ್ತಿದ್ದಾಳೆ. ನನ್ನನ್ನು ಒಂದು ಮಾತು ಕೇಳಿಲ್ಲ. ಅವಳಿಗೆ ಗೊಂದಲವೇ ಇರಲಿಲ್ಲ ನೋಡಿ. ಹಾಗಾದರೆ ಅಪ್ಪ ಬಂದರೆ ಏನು ಮಾಡುತ್ತೀ ಎಂದೆ. "ತಿದ್ದಾಕ ಬರ್ತೈತಿ ಅಮ್ಮಾ" ಅಂದಳು. ನೆರವು ಕಡಿಮೆಯಾಗುತ್ತದೆ, ಉಳಿದದ್ದಕ್ಕೆಲ್ಲ ಆ ಬೆಳೆಯುವ ಸಾಲವೇ ಗತಿ, ತೀರಿಸುವವಳು ನೀನು ಎಂದೆ. "ಆಗವಲ್ದ್ಯಾಕ, ಸಾಲ ಆದ್ರ ಆಗ್ಲಿ" ಎಂದು ಅತ್ತ ತಿರುಗಿ ಮಲಗಿದಳು. ನಾನೂ ಅದನ್ನೇ ಹೇಳುತ್ತೇನೆ. ಬನ್ನಿ.