ಬಾಗಿಲ ಬಳಿಯ ಥರ್ಮಾಮೀಟರ್

ಮಾರ್ಚ್ ೧೪, ಗುರುವಾರ

ಸಂಜೆ ಅಕ್ಕನಿಗೆ ಕೊಟ್ಟ ಉತ್ತರ ಇನ್ನೂ ಮನಸ್ಸನ್ನು ಕೊರೆಯುತ್ತಿದೆ.

ಹಿಂದಿನ ಕೋಣೆಯಲ್ಲಿ ಎಲ್‌ಇಡಿ ದೀಪದ ಕೆಳಗೆ ಬೆಳೆಸುತ್ತಿರುವ ನನ್ನ ಟೊಮೆಟೊ ಸಸಿಗಳ ಎಲೆ ಹದಿನೈದು ದಿನದ ಹಿಂದೆ ಸುರುಟಿಕೊಂಡಿತ್ತು. “ನೀನೇ ನೀರು ಸುರಿದು ಸುರಿದು ಹಾಳು ಮಾಡಿದ್ದು” ಎಂದು ಭಾವನ ಎದುರೇ ಅವಳ ಮೇಲೆ ರೇಗಿದೆ. “ಇರಬಹುದು ಕಣೋ” ಎಂದಳು, ಅಷ್ಟೇ. ಆಮೇಲೆ ಆ ಕೋಣೆಗೆ ಕಾಲಿಡಲಿಲ್ಲ.

ಹೋದ ಭಾನುವಾರ ದೀಪದ ಧೂಳು ಒರೆಸುವಾಗ ಎಲೆಗಳ ಮಟ್ಟದಲ್ಲಿ ಕೈಗೆ ಝಳ ಬಡಿಯಿತು. ಥರ್ಮಾಮೀಟರನ್ನು ನಾನು ತಂಪಾದ ಬಾಗಿಲ ಬಳಿ ನೇತುಹಾಕಿದ್ದೆ. ಅಲ್ಲಿ ಇಪ್ಪತ್ತಾರು ಡಿಗ್ರಿ. ಸಸಿಗಳ ನಡುವೆ ಇಟ್ಟರೆ ಮೂವತ್ತೊಂಬತ್ತು. ಗಾಳಿಯಾಡಲೆಂದು ಇಟ್ಟಿದ್ದ ಪುಟ್ಟ ಫ್ಯಾನಿನ ಪ್ಲಗ್ ಕೆಳಗೆ ಬಿದ್ದಿತ್ತು. ಫೋನಿನಲ್ಲಿ ಮಾತಾಡುವಾಗ ಸದ್ದು ಎಂದು ಅದನ್ನು ಕಿತ್ತವನು ನಾನೇ. ಎಲ್‌ಇಡಿ ಬಿಸಿಯಾಗುವುದೇ ಇಲ್ಲ ಎಂದು ಕಂಡಕಂಡವರಿಗೆಲ್ಲ ಪಾಠ ಹೇಳಿದವನೂ ನಾನೇ.

ಫ್ಯಾನ್ ಹಾಕಿದೆ, ದೀಪವನ್ನು ಒಂದು ಗೇಣು ಮೇಲಕ್ಕೆ ಕಟ್ಟಿದೆ. ಯಾರಿಗೂ ಹೇಳಲಿಲ್ಲ.

ಇವತ್ತು ಹೊಸ ಚಿಗುರು ಬಂದಿದೆ. ಅಕ್ಕ ಹೊಸ್ತಿಲಾಚೆಯೇ ನಿಂತು ಕತ್ತು ಚಾಚಿ ನೋಡಿದಳು. ಅವಳ ಮುಖ ಅರಳಿತು.

“ನಾನು ನೀರು ಹಾಕೋದು ಬಿಟ್ಟಿದ್ದೇ ಒಳ್ಳೇದಾಯ್ತು ನೋಡು.”

ನಾನು ಹೂಂ ಎಂದೆ.