ಎವ್ಲಾಲಿಯಾ ಅಜ್ಜಿಯ ಫ್ರಿಜ್ಜು

ಸೆಪ್ಟೆಂಬರ್ ೧೪, ಶುಕ್ರವಾರ. ಶಾಲೆಯಲ್ಲಿ.

ನನ್ನ ಮನೆಯ ತಗಡಿನ ಸೂರು ಕಣ್ಣೆದುರಿಂದ ಹೋಗುತ್ತಿಲ್ಲ. ಬೇಡ, ಅದನ್ನು ಬರೆಯುವುದಿಲ್ಲ.

ಚಂಡಮಾರುತ ಬರುವುದರೊಳಗೆ ಕಡಲಕೇರಿಯನ್ನು ಖಾಲಿ ಮಾಡಿಸುವ ಹೊಣೆ ನನ್ನದು, ಜನರನ್ನು ಈ ಶಾಲೆಗೆ ಸಾಗಿಸಲು ಸರ್ಕಾರ ಕೊಟ್ಟಿದ್ದು ಒಂದೇ ಲಾರಿ. ಎವ್ಲಾಲಿಯಾ ಅಜ್ಜಿ ಹೊಸ್ತಿಲು ಬಿಟ್ಟು ಏಳಲಿಲ್ಲ.

"ಫ್ರಿಜ್ಜು ಬಂದ್ರೆ ನಾನೂ ಬರ್ತೀನಿ. ಇಲ್ದಿದ್ರೆ ಇಬ್ರೂ ಇಲ್ಲೇ."

ಡ್ರೈವರ್ ಓಸ್ಮೆಲ್ ರೇಗಿದ. "ಅದರ ಜಾಗದಲ್ಲಿ ನಾಲ್ಕು ಜನ ಕೂರ್ತಾರೆ ಅಜ್ಜಿ."

"ಆ ನಾಲ್ಕು ಜನಾನ ಕರ್ಕೊಂಬಾ, ನೋಡೋಣ."

ಅಜ್ಜಿ ಕೂತಿರುವ ತನಕ ಕೇರಿಯಲ್ಲಿ ಯಾರೂ ಕದಲುವುದಿಲ್ಲವೆಂದು ನನಗೆ ಗೊತ್ತಿತ್ತು. ಹೇರಿ ಎಂದೆ. ಫ್ರಿಜ್ಜು ಬೀದಿಗೆ ಬಂದದ್ದೇ ತಡ, ಮಕ್ಕಳು, ಹಾಸಿಗೆ, ಕೋಳಿ ಎಲ್ಲ ಹೊರಬಂದವು. ಬೆಳಗಿನಿಂದ ನಾನು ಗಂಟಲು ಹರಿದುಕೊಂಡರೂ ಆಗದ ಕೆಲಸ. ಕೇರಿಯಲ್ಲಿ ಈಗ ಒಂದು ನರಪಿಳ್ಳೆಯೂ ಇಲ್ಲ.

ಕೊನೆಯ ಸಲ ಶಾಲೆಗೆ ಬಂದಿಳಿದಾಗ ಗಾಳಿ ಲಾರಿಯನ್ನೇ ಅಲ್ಲಾಡಿಸುತ್ತಿತ್ತು. "ಇನ್ನೊಂದೇ ಸಲ ಮಿರ್ತಕ್ಕ, ನಿಮ್ಮನೆ ಸಾಮಾನೂ ತಂದ್ಬಿಡ್ತೀನಿ," ಎಂದ ಓಸ್ಮೆಲ್. ಅವನ ಕೈಯಿಂದ ಕೀಲಿ ಕಿತ್ತುಕೊಂಡೆ. ಗಾಳಿ ಎದ್ದ ಮೇಲೆ ಯಾರೂ ಹೊರಡಬಾರದು ಎಂದು ಬೆಳಿಗ್ಗೆ ಸಾರಿದವಳು ನಾನೇ. ನನ್ನ ಮನೆಗೆ ಬೇರೆ ಕಾನೂನಿಲ್ಲ.

ಇನ್ನೇನು ದಡಕ್ಕೆ ಅಪ್ಪಳಿಸುತ್ತದೆ ಎನ್ನುತ್ತಿದೆ ಹವಾನಾ ರೇಡಿಯೊ.

ಅಜ್ಜಿ ಫ್ರಿಜ್ಜಿಗೆ ಒರಗಿ ಕೂತಿದ್ದಾಳೆ. ನಿದ್ದೆ ಬಂತೆಂದುಕೊಂಡಿದ್ದೆ.

"ನಿನ್ ಫ್ರಿಜ್ಜೆಲ್ಲೇ?"

"ಮನೇಲಿ."

"ಇದರಲ್ಲಿ ಕೆಳಗಿನ ಖಾನೆ ಇನ್ಮೇಲೆ ನಿಂದು," ಎಂದು ಆ ಕಡೆ ಮಗ್ಗುಲಾದಳು.

ಕಡಲ ಕಡೆಯ ಕಿಟಕಿ ಬಡಿದುಕೊಳ್ಳುತ್ತಿದೆ. ಹಲಗೆ ಹೊಡೆಯಬೇಕು, ಮೊಳೆ ಎಲ್ಲಿಟ್ಟೆ?