ಭಾನುವಾರ ಬೆಟ್ಟ ಇಳಿಯುವ ಕಾರು

೨೧೮೭ನೇ ಇಸವಿ, ಫೆಬ್ರವರಿ ಮೂವತ್ತು, ಶುಕ್ರವಾರ
ಮೈಸೂರು

ತೀರ್ಥರೂಪ ಸಮಾನರಾದ ಶಿವನಂಜಯ್ಯ ತಾತನವರಿಗೆ, ನಿಮ್ಮ ವಂಶದ ಆರನೇ ತಲೆಮಾರಿನ ರೇವಾಂಬೆ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಬಹುದು, ಮನ್ನಿಸಬೇಕು. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಈ ಅಂಚೆಯನ್ನು ಜೀವಮಾನದಲ್ಲಿ ಒಮ್ಮೆ ಮಾತ್ರ, ಅದೂ ಸ್ವಂತ ರಕ್ತಸಂಬಂಧಿಗೆ ಬರೆಯಲು ಮಾತ್ರ ಬಳಸಬಹುದು. ಸಾಮಾನ್ಯವಾಗಿ ಜನ ಮುತ್ತಜ್ಜಿಯ ಹತ್ತಿರ ಗೊಜ್ಜು ಮಾಡುವ ಬಗೆ ಕೇಳುವುದಕ್ಕೆ ಇದನ್ನು ಖರ್ಚು ಮಾಡಿಕೊಳ್ಳುತ್ತಾರೆ. ನಾನು ಹೆದರಿ ಬರೆಯುತ್ತಿದ್ದೇನೆ. ಕ್ಷೇಮ ಎಂದು ಹೇಳಿಕೊಳ್ಳುವ ಸ್ಥಿತಿಯಲ್ಲಿ ಇಲ್ಲ.

ನೀವು ಈಗಷ್ಟೇ ಕೊಂಡು, ದಿನಕ್ಕೆರಡು ಸಲ ಒರೆಸುತ್ತಿರುವ ಆ ಹಸಿರು ಕಾರು ನಮ್ಮ ಕಾಲದಲ್ಲೂ ಓಡುತ್ತಿದೆ, ತಾತ. ಇಲ್ಲಿ ಉಳಿದ ಗಾಡಿಗಳೆಲ್ಲ ತಾನೋಡುಗಳು. ಹತ್ತಿ ಕೂತು ಊರ ಹೆಸರು ಹೇಳಿದರೆ ಅವೇ ಕರೆದೊಯ್ಯುತ್ತವೆ, ಬೇಕಾದರೆ ನಿದ್ದೆ ಮಾಡಬಹುದು. ಮನುಷ್ಯರು ಸ್ಟೀರಿಂಗ್ ಹಿಡಿದು ಓಡಿಸುವ ನಿಮ್ಮಂಥವರ ಕಾರನ್ನು ಕೈಬಂಡಿ ಎನ್ನುತ್ತೇವೆ. ಅದು ರಸ್ತೆಗಿಳಿಯುವುದು ಭಾನುವಾರ ಮಾತ್ರ. ಮಂಡ್ಯದ ಕಬ್ಬಿನಿಂದ ತೆಗೆದ ಸ್ಪಿರಿಟ್ಟು ಕುಡಿದು ಅದು ಗುಡುಗುಡು ಎಂದರೆ ಅಗ್ರಹಾರದ ಹೆಂಗಸರು ಒಲೆ ಆರಿಸಿ ಬಾಗಿಲಿಗೆ ಬರುತ್ತಾರೆ. ಸ್ಪಿರಿಟ್ಟಿನ ವಾಸನೆಗೆ ಮೂಗು ಮುಚ್ಚಿಕೊಂಡೇ ಕೈ ಬೀಸುತ್ತಾರೆ. ನನ್ನ ಗಂಡ ಗುಣಶೇಖರ ಸಿಕ್ಕಿದ್ದೂ ಕೈಬಂಡಿ ಕೂಟದಲ್ಲೇ. ನನ್ನನ್ನು ನೋಡುವುದಕ್ಕೆ ಮುಂಚೆ ಕಾರನ್ನು ನೋಡಿದ್ದ. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಹೋದ ತಿಂಗಳು ನಮ್ಮ ವಿಚ್ಛೇದನ ಆಯಿತು. ಇಲ್ಲಿನ ಬೇರ್ಪಾಡು ಕಚೇರಿಯಲ್ಲಿ ತವರಿನದು, ಗಂಡನದು ಎಂಬ ಭೇದವಿಲ್ಲ. ಮನೆ ನನಗೆ ಬಂತು, ಕಾರು ಅವನಿಗೆ ಹೋಯಿತು. ಮಗಳು ಕಿನ್ನರಿ, ಏಳು ವರ್ಷದವಳು, ಭಾನುವಾರ ಅಪ್ಪನ ಜೊತೆ ಇರಬೇಕು. ಗಂಡ ಹೋದಾಗ ಒಂದು ಹೊತ್ತು ಅತ್ತೆ. ಈ ಮಂಗಳವಾರ ಕಾರನ್ನು ಕಚೇರಿಯವರು ಎಳೆದೊಯ್ದು ಶೆಡ್ಡಿನಲ್ಲಿ ಬೀಗ ಹಾಕಿದ ದಿನ ಊಟವೇ ಸೇರಲಿಲ್ಲ.

ಅದಕ್ಕೆ ಎರಡು ದಿನ ಮುಂಚೆ, ಕಡೆಯ ಸಲ ಓಡಿಸೋಣ ಎಂದು ಒಬ್ಬಳೇ ಚಾಮುಂಡಿ ಬೆಟ್ಟ ಹತ್ತಿದ್ದೆ. ಇಳಿಯುವಾಗ ಬ್ರೇಕು ಬಿಸಿಯೇರಿ ಕಾದುಹೋಯಿತು. ಪೆಡಲು ಸೀದಾ ತಳಕ್ಕೆ ಕೂತಿತು, ಕಾರು ನಿಲ್ಲಲೇ ಇಲ್ಲ. ಎರಡನೇ ಗೇರಿಗೆ ಹಾಕಿ, ಪೆಡಲನ್ನು ಬಿಟ್ಟು ಬಿಟ್ಟು ಒತ್ತಿ, ಹೇಗೋ ಕಲ್ಲುಗೋಡೆಗೆ ತಾಗಿಸಿ ನಿಲ್ಲಿಸಿದೆ. ರಿಪೇರಿ ಮಾಡಿಸುವ ಮೊದಲೇ ಕಾರು ಕೈತಪ್ಪಿತು.

ಕೈಬಂಡಿಯ ಯಜಮಾನರು ಬದಲಾದರೆ ಮೊದಲ ಭಾನುವಾರ ಅದನ್ನು ಬೆಟ್ಟಕ್ಕೆ ಒಯ್ದು, ಚಕ್ರಕ್ಕೆ ನಿಂಬೆಹಣ್ಣಿಟ್ಟು ಪೂಜೆ ಮಾಡಿಸುವ ಪದ್ಧತಿ ನಮ್ಮಲ್ಲಿದೆ. ನಾಡಿದ್ದು ಅವನು ಮಗುವನ್ನು ಮುಂದೆ ಕೂರಿಸಿಕೊಂಡು ಹತ್ತುತ್ತಾನೆ. ಹತ್ತುವುದಕ್ಕೆ ನಾನು ಹೆದರಿಲ್ಲ.

ಹೇಳಬಾರದಿತ್ತೇ ಎನ್ನುತ್ತೀರಿ. ಹೇಳಿದೆ ತಾತ. ಆದರೆ ಕಾರು ಕಳೆದುಕೊಂಡವರು ಕೊನೆಗಳಿಗೆಯಲ್ಲಿ ಅಪಾಯ, ಅಪಾಯ ಎಂದು ಕೂಗಿ ತಡೆಯುವುದು ನಮ್ಮ ಕೂಟದವರ ಹಳೆಯ ಚಾಳಿ. ಅದಕ್ಕೆ ಕೊನೆಕೊಕ್ಕೆ ಎಂದು ಹೆಸರೇ ಬಿದ್ದಿದೆ. ಒಬ್ಬಾಕೆ ಇಂಜಿನ್ನಿನಲ್ಲಿ ನಾಗರಹಾವು ಸೇರಿದೆ ಎಂದು ಅರ್ಜಿ ಕೊಟ್ಟಿದ್ದಳಂತೆ. ಹಾಗಾಗಿ ಕಚೇರಿಯಾತ ಕತ್ತು ಎತ್ತದೆಯೇ, "ಎಲ್ಲಾರೂ ಹಿಂಗೇ ಹೇಳ್ತಾರೆ ಕಣಮ್ಮ, ನಡೀರಿ" ಎಂದ. ಶೆಡ್ಡಿನ ಸುತ್ತ ನಿಧಾನಕ್ಕೆ ಓಡಿಸಿ ಬ್ರೇಕು ಸರಿಯಿದೆ ಎಂದು ಬರೆದುಕೊಂಡರು. ತಣ್ಣಗಿರುವಾಗ ಅದು ಸರಿಯಾಗಿಯೇ ಇರುತ್ತದೆ. ಗುಣಶೇಖರನ ಗೇಟಿನ ಮುಂದೆ ನಿಂತು ಕೂಗಿದೆ. "ಮಗೂನ ಹೆಸರು ಹೇಳ್ಕೊಂಡು ಕಾರು ಕೇಳ್ತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ" ಎಂದು ಕಿಟಕಿ ಮುಚ್ಚಿದ. ಅವನು ಕೆಟ್ಟವನಲ್ಲ. ಅವನ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಆದರೆ ನಿಮ್ಮನ್ನು ಅವನು ನಂಬುತ್ತಾನೆ. ಕಾರಿನಲ್ಲಿ ನೀವು ಮುಟ್ಟಿದ್ದೆಲ್ಲ ಅವನಿಗೆ ಅಸಲಿ, ಪೂಜೆಗೆ ಯೋಗ್ಯ. ನೀವು ಹಾಕಿದ ಒಂದು ಸ್ಕ್ರೂ ಬದಲಾಯಿಸಿದ್ದಕ್ಕೆ ನನ್ನೊಡನೆ ಮೂರು ದಿನ ಮಾತು ಬಿಟ್ಟಿದ್ದ. ಆದ್ದರಿಂದ ಬೇಡಿಕೊಳ್ಳುತ್ತೇನೆ. ಚಾಣ ತೆಗೆದುಕೊಂಡು, ಸ್ಟೀರಿಂಗ್ ಹಿಂದಿನ ಲೋಹದ ಹಲಗೆಯ ಮೇಲೆ ಆಳವಾಗಿ ಕೆತ್ತಿ: "ಇಳಿಜಾರಿನಲ್ಲಿ ಎರಡನೇ ಗೇರು. ಬ್ರೇಕು ಕೂತರೆ ಬಿಟ್ಟು ಬಿಟ್ಟು ಒತ್ತು." ಬಣ್ಣದಲ್ಲಿ ಬರೆದರೆ ಇಷ್ಟು ವರ್ಷ ಉಳಿಯುವುದಿಲ್ಲ. ಹೊಚ್ಚಹೊಸ ಕಾರಿನ ಮುಖದ ಮೇಲೆ ನೀವೇ ಗಾಯ ಮಾಡಿ ಎನ್ನುತ್ತಿದ್ದೇನೆ. ಎಂಥ ಮಾತು ಆಡುತ್ತಿದ್ದೇನೆಂದು ನನಗೆ ಗೊತ್ತು. ನಾನೂ ಅದನ್ನು ಪ್ರೀತಿಸಿದವಳೇ.

ಈಗ ತಾನೇ ಶೆಡ್ಡಿಗೆ ಹೋಗಿ ಕಿಟಕಿಯಿಂದ ಇಣುಕಿ ಬಂದೆ. ಹಲಗೆ ನುಣ್ಣಗಿದೆ, ಒಂದು ಗೀರೂ ಇಲ್ಲ. ಕಾಗದ ಇನ್ನೂ ನನ್ನ ಕೈಯಲ್ಲೇ ಇದೆಯಲ್ಲ ಎಂದು ಸಮಾಧಾನ ಹೇಳಿಕೊಂಡೆ. ಇದನ್ನು ಅಂಚೆಗೆ ಹಾಕಿ ಮತ್ತೆ ಹೋಗಿ ನೋಡುತ್ತೇನೆ. ಆಗಲೂ ನುಣ್ಣಗೇ ಇದ್ದರೆ, ನಿಮಗೂ ಕಾರೇ ಹೆಚ್ಚಾಯಿತು ಎಂದುಕೊಳ್ಳುತ್ತೇನೆ.

ನಿಮ್ಮ ಕಾಲಿಗೆ ಬೀಳುತ್ತೇನೆ, ತಾತ. ಕೆತ್ತಿ.

ರೇವಾಂಬೆ